ಮಗ್ಗದಿಂದ ಬಂದ ಮಾತುಗಳು: ಒಂದು ಗ್ರೀಕ್ ಧಾತು ಮತ್ತು ನಮ್ಮ ವೈದ್ಯಕೀಯ ಪದಗಳು



ಗರ್ಭಕೋಶದ ಆಪರೇಷನ್ ಆದ ಹೆಣ್ಣುಮಗಳು ಆಸ್ಪತ್ರೆಯಿಂದ ಮನೆಗೆ ಹೊರಟಾಗ ಕೈಗೆ ಬರುವ ಕಾಗದಗಳಲ್ಲಿ ಎರಡು ಪದಗಳು ಅಕ್ಕಪಕ್ಕದಲ್ಲಿರುತ್ತವೆ. ಒಂದು ಹಿಸ್ಟರೆಕ್ಟಮಿ, ಇನ್ನೊಂದು ಹಿಸ್ಟೊಪೆಥಾಲಜಿ. ಕನ್ನಡ ಅಕ್ಷರದಲ್ಲಿ ಬರೆದಾಗ ಎರಡೂ ‘ಹಿಸ್ಟ್’ ಎಂದೇ ಮೊದಲಾಗುತ್ತವೆ. ಓದಬಲ್ಲ ಮಗನೋ ಮಗಳೋ ಅವೆರಡನ್ನೂ ಗರ್ಭಕೋಶಕ್ಕೇ ಸಂಬಂಧಿಸಿದ ಮಾತುಗಳೆಂದು ತಿಳಿದರೆ ತಪ್ಪು ಅವರದಲ್ಲ. ಆ ಪದಗಳು ಎಲ್ಲಿಂದ ಬಂದವು ಎಂದು ನಮ್ಮ ಪಾಠದ ಪುಸ್ತಕಗಳು ಅವರಿಗೆ ಹೇಳಿಯೇ ಇಲ್ಲ.

ಮೊದಲನೆಯ ಪದದ ಮೂಲ ‘ಹುಸ್ಟೆರಾ’. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಗರ್ಭಕೋಶ. ಎರಡನೆಯದರ ಮೂಲ ‘ಹಿಸ್ಟೋಸ್’, ಅಂದರೆ ಮಗ್ಗ. ಮಗ್ಗದಲ್ಲಿ ನೇಯ್ದ ಬಟ್ಟೆಯೂ ಹೌದು. ಗ್ರೀಕರು ಇವನ್ನು ಬೇರೆ ಬೇರೆ ಸ್ವರಗಳಿಂದ ಬರೆದರು. ಇಂಗ್ಲಿಷ್ ಕಾಗುಣಿತವೂ ಆ ಭೇದವನ್ನು ಉಳಿಸಿಕೊಂಡಿದೆ. ಕನ್ನಡಕ್ಕೆ ಬರುವಾಗ ಅದು ಅಳಿಸಿಹೋಯಿತು. ವೈದ್ಯರು ರೋಗಿಯಿಂದ ‘ಹಿಸ್ಟರಿ’ ಕೇಳಿ ಬರೆದುಕೊಳ್ಳುತ್ತಾರಲ್ಲ, ಅದು ಮೂರನೆಯ ಮನೆತನದ್ದು. ಬಲ್ಲವನು ಎಂಬ ಅರ್ಥದ ‘ಹಿಸ್ಟೋರ್’ ಅದರ ಮೂಲ. ನಮ್ಮ ವಿದ್ಯೆ, ವೇದ ಎಂಬ ಮಾತುಗಳ ‘ವಿದ್’ ಧಾತು ಅದರ ದೂರದ ಬಂಧು. ಹೀಗೆ ಮೂರು ಮನೆತನಗಳ ಪದಗಳು ಕನ್ನಡ ಲಿಪಿಯಲ್ಲಿ ಒಂದೇ ಮುಖ ಹೊತ್ತು ನಿಂತಿವೆ.

ಇಂದಿನ ಉಪನ್ಯಾಸ ಹಿಸ್ಟೋಸ್ ಎಂಬ ಮೂಲವನ್ನು ಕುರಿತದ್ದು. ನಾವು ಸೇರಿರುವ, ನಂಜನಗೂಡು ಬಳಿಯ ಬದನವಾಳು 1927ರಿಂದ ಖಾದಿಯ ಊರು. ಇಲ್ಲಿನ ಹೆಣ್ಣುಮಕ್ಕಳು ಹಂಜಿಯಿಂದ ನೂಲು ತೆಗೆದಿದ್ದಾರೆ, ಇಲ್ಲಿ ಮಗ್ಗಗಳು ಆಡಿವೆ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಕಸುಬಿನ ಬದುಕನ್ನು ಉಳಿಸಿಕೊಳ್ಳುವ ಸತ್ಯಾಗ್ರಹಕ್ಕೆ ಈ ಊರನ್ನೇ ಆರಿಸಿಕೊಂಡರು. ವೈದ್ಯಶಾಸ್ತ್ರದ ಕಠಿಣವೆನಿಸುವ ಪದಗಳಲ್ಲಿ ಒಂದು ಇಡೀ ಗುಂಪು ನೂಲುವವರ, ನೇಯುವವರ, ಬಣ್ಣ ಹಾಕುವವರ ಮಾತಿನಿಂದ ಹುಟ್ಟಿದೆ ಎಂಬುದನ್ನು ವಿವರಿಸಲು ಇದಕ್ಕಿಂತ ತಕ್ಕ ಊರು ನನಗೆ ತೋರದು.

ಹಿಸ್ಟೋಸ್ ಪದವನ್ನು ಬಿಡಿಸಿದರೆ ಒಳಗೆ ಕಾಣುವುದು ‘ನಿಲ್ಲು’ ಎಂಬ ಕ್ರಿಯೆ. ‘ಹಿಸ್ಟೆಮಿ’ ಎಂದರೆ ನಿಲ್ಲಿಸುತ್ತೇನೆ. ನಿಲ್ಲಿಸಿದ ಮರ ಹಿಸ್ಟೋಸ್. ಹಡಗಿನ ಹಾಯಿಯ ಕಂಬವೂ ಹಿಸ್ಟೋಸ್, ಮಗ್ಗವೂ ಹಿಸ್ಟೋಸ್. ನಮಗೆ ಇದು ತಟ್ಟನೆ ಹೊಳೆಯದಿರಲು ಕಾರಣವಿದೆ. ನಮ್ಮ ಗುಂಡಿಮಗ್ಗದಲ್ಲಿ ನೇಕಾರರು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಕೂರುತ್ತಾರೆ, ಹಾಸು ನೆಲಕ್ಕೆ ಸಮನಾಗಿ ಚಾಚಿರುತ್ತದೆ. ಹಳೆಯ ಗ್ರೀಕರ ಮಗ್ಗ ಹಾಗಿರಲಿಲ್ಲ. ಎರಡು ಕಂಬ ನಿಲ್ಲಿಸಿ, ಮೇಲೆ ಅಡ್ಡಮರ ಹಾಕಿ, ಅದರಿಂದ ಹಾಸಿನ ಎಳೆಗಳನ್ನು ಇಳಿಬಿಟ್ಟು, ಬಿಗಿಯಾಗಲೆಂದು ಕೆಳಗೆ ಮಣ್ಣಿನ ಅಥವಾ ಕಲ್ಲಿನ ಗುಂಡುಗಳನ್ನು ಕಟ್ಟುತ್ತಿದ್ದರು. ಹೆಂಗಸರು ಅದರ ಮುಂದೆ ನಿಂತು, ಅತ್ತಿಂದಿತ್ತ ನಡೆಯುತ್ತಾ ನೇಯುತ್ತಿದ್ದರು. ಹೋಮರನ ಕಾವ್ಯಗಳಲ್ಲಿ ಮಗ್ಗದ ಮುಂದೆ ಹೆಂಗಸರು ಹಾಗೆಯೇ ನಡೆದಾಡುತ್ತಾರೆ. ಹಗಲೆಲ್ಲ ನೇಯ್ದದ್ದನ್ನು ಇರುಳು ಬಿಚ್ಚುತ್ತಿದ್ದ ಪೆನೆಲೊಪಿಯ ಕೈಯಲ್ಲಿದ್ದ ನೇಯ್ಗೆಗೂ ಕವಿ ಕೊಡುವ ಹೆಸರು ಹಿಸ್ಟೋಸ್.

ಈ ‘ಹಿಸ್ಟೆಮಿ’ ಸಂಸ್ಕೃತದ ‘ತಿಷ್ಠತಿ’ಯ ಒಡಹುಟ್ಟು. ಎರಡಕ್ಕೂ ಮೂಲವಾದ ಧಾತು ನಮಗೆ ‘ಸ್ಥಾ’ ಎಂದು ಪರಿಚಿತ. ಸ್ಥಾನ, ಸ್ಥಿತಿ, ಸ್ಥಿರ, ಸ್ಥಾವರ ಎಂದು ದಿನವೂ ಆಡುವ ಪದಗಳೆಲ್ಲ ಅದರ ಮಕ್ಕಳು. ಗ್ರೀಕ್ ಕಡೆಯ ಮಕ್ಕಳನ್ನು ನೋಡಿ. ಕ್ಯಾನ್ಸರ್ ಒಂದು ಅಂಗದಿಂದ ಇನ್ನೊಂದಕ್ಕೆ ಹರಡಿದರೆ ವರದಿಯಲ್ಲಿ ಬರುವ ಪದ ಮೆಟಾಸ್ಟಸಿಸ್: ನಿಂತ ಜಾಗ ಬದಲಾಗುವುದು. ಇದನ್ನು ಕನ್ನಡದಲ್ಲಿ ಸ್ಥಾನಾಂತರ ಎಂದರೆ ಅರ್ಥ ಹೊಂದುತ್ತದೆ, ಧಾತುವೂ ಹೊಂದುತ್ತದೆ. ದೇಹ ತನ್ನ ಬಿಸಿ, ನೀರು, ಉಪ್ಪುಗಳನ್ನು ಹದದಲ್ಲಿ ಇಟ್ಟುಕೊಳ್ಳುವುದು ಹೋಮಿಯೊಸ್ಟಾಸಿಸ್, ಸಮಸ್ಥಿತಿ. ಸಿಸ್ಟಮ್ ಎಂದರೆ ಕೂಡಿ ನಿಂತದ್ದು. ನಮ್ಮ ‘ವ್ಯವಸ್ಥೆ’ಯ ಒಡಲಲ್ಲೂ ಅದೇ ಸ್ಥಾ ಇದೆ. ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿಯ ಹೆಸರಿಗೆ ‘ಮುಂದೆ ನಿಂತದ್ದು’ ಎಂದರ್ಥ. ಇಷ್ಟು ಪದಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುವ ವಿದ್ಯಾರ್ಥಿಗೆ ಅವು ಒಂದೇ ಮನೆಯವು ಎಂದು ಒಮ್ಮೆ ತೋರಿಸಿಕೊಟ್ಟರೆ ಆಮೇಲೆ ಮರೆಯುವ ಮಾತೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗ್ರೀಕ್‌ಗೂ ಸಂಸ್ಕೃತಕ್ಕೂ ರಕ್ತಸಂಬಂಧವಿದೆ. ಕನ್ನಡ ದ್ರಾವಿಡ ಭಾಷೆ, ಅದಕ್ಕೆ ಆ ಸಂಬಂಧವಿಲ್ಲ. ಗ್ರೀಕ್‌ನಲ್ಲಿ ದಾರಕ್ಕೆ ‘ನೇಮ’ ಎಂಬ ಪದವಿದೆ. ಅದಕ್ಕೂ ನಮ್ಮ ‘ನೂಲು’, ‘ನೇಯು’ಗಳಿಗೂ ನಂಟು ಕಟ್ಟುವ ಆಸೆ ಯಾರಿಗಾದರೂ ಹುಟ್ಟೀತು. ದನಿ ಹೋಲಿದ ಮಾತ್ರಕ್ಕೆ ಬೇರು ಒಂದೇ ಆಗದು. ಪದಗಳ ಹುಟ್ಟನ್ನು ಹುಡುಕುವವರಿಗೆ ಈ ಸಂಯಮ ಇಲ್ಲದಿದ್ದರೆ ವಿದ್ಯೆ ಕಟ್ಟುಕಥೆಯಾಗಿಬಿಡುತ್ತದೆ.

ಮಗ್ಗದ ಮಾತು ಮನುಷ್ಯನ ಮೈಗೆ ಬಂದದ್ದು ಹೇಗೆ? ಹಿಪೊಕ್ರೇಟಿಸ್‌ನ ಕಾಲದಲ್ಲಂತೂ ಅಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ವೈದ್ಯ ಜೇವಿಯರ್ ಬಿಷಾ ಶವಗಳನ್ನು ಸೀಳಿ ನೋಡುತ್ತಾ ಒಂದು ಸಂಗತಿಯನ್ನು ಗುರುತಿಸಿದ. ಹೃದಯ, ಕರುಳು, ಶ್ವಾಸಕೋಶ ಎಂದು ಅಂಗಗಳು ಬೇರೆಯಾದರೂ ಅವನ್ನು ಕಟ್ಟಿರುವ ಪೊರೆಗಳೂ ಹುರಿಗಳೂ ಕೆಲವೇ ಬಗೆಯವು. ರೋಗ ತಗಲುವುದು ಇಡೀ ಅಂಗಕ್ಕಲ್ಲ, ಅದರೊಳಗಿನ ಇಂಥ ಒಂದು ಬಗೆಗೆ. ಅಂಥ 21 ಬಗೆಗಳನ್ನು ಅವನು ಎಣಿಸಿದ. ಅದಕ್ಕೆ ಅವನು ಸೂಕ್ಷ್ಮದರ್ಶಕವನ್ನು ನೆಚ್ಚಲಿಲ್ಲ. ಒಣಗಿಸುವುದು, ಬೇಯಿಸುವುದು, ನೀರಿನಲ್ಲಿ ಕೊಳೆಸುವುದು, ಆಮ್ಲದಲ್ಲಿ ಕ್ಷಾರದಲ್ಲಿ ನೆನೆಸುವುದು ಅವನ ವಿಧಾನ. ಬಟ್ಟೆಯ ಗುಣವನ್ನು ಕೈಯಿಂದ ಅರಿಯುವವರ ವಿಧಾನಕ್ಕೆ ಅದು ಬಹಳ ಹತ್ತಿರ. ಈ ಬಗೆಗಳಿಗೆ ಅವನು ಬಳಸಿದ ಫ್ರೆಂಚ್ ಪದ ‘ತಿಸ್ಯು’, ನೇಯ್ದದ್ದು. ಇಂಗ್ಲಿಷಿನ ಟಿಶ್ಯೂ ಅದೇ. 1801ರಲ್ಲಿ ಅವನ ಮುಖ್ಯ ಗ್ರಂಥ ಪ್ರಕಟವಾಯಿತು, 1802ರಲ್ಲಿ ಅವನು ತೀರಿಕೊಂಡ. ಆಗ ಅವನಿಗೆ ಮೂವತ್ತು ವರ್ಷ. ಅದಾದ ಮೇಲೆ 1819ರಲ್ಲಿ ಜರ್ಮನಿಯ ಬಾನ್ ನಗರದ ಅಂಗರಚನಾ ತಜ್ಞ ಮೇಯರ್ ಈ ಶಾಸ್ತ್ರಕ್ಕೆ ಹೆಸರಿಡಬೇಕಾಗಿ ಬಂದಾಗ ಫ್ರೆಂಚ್ ಪದವನ್ನು ಗ್ರೀಕ್‌ಗೆ ತಿರುಗಿಸಿ ಹಿಸ್ಟಾಲಜಿ ಎಂದ.

ಈ ಒಂದು ವಿವರವನ್ನು ನಾವು ಚೆನ್ನಾಗಿ ಗಮನಿಸಬೇಕು. ಹಿಸ್ಟಾಲಜಿ ಗ್ರೀಸಿನಲ್ಲಿ ಹುಟ್ಟಿದ ಪದವಲ್ಲ. ತನ್ನ ಮನೆಮಾತು ಜರ್ಮನ್ ಆಗಿದ್ದವನೊಬ್ಬ, ನಾವು ಸಂಸ್ಕೃತದಿಂದ ಹೊಸ ಪದ ಕಟ್ಟುವ ಹಾಗೆಯೇ, ಹಳೆಯ ಶಾಸ್ತ್ರಭಾಷೆಯೊಂದರಿಂದ ಕಟ್ಟಿದ್ದು. ಲಂಡನ್ನಿನ ವಿದ್ಯಾರ್ಥಿಗೂ ಹಿಸ್ಟೋಸ್ ಎಂದರೇನೆಂದು ಹುಟ್ಟಿನಿಂದ ಗೊತ್ತಿರುವುದಿಲ್ಲ. ಅವನಿಗೆ ಯಾರೋ ಹೇಳಿಕೊಡುತ್ತಾರೆ, ಅಷ್ಟೆ. ಇಂಗ್ಲಿಷ್ ಬಾರದ್ದರಿಂದಲೇ ಈ ಪದಗಳು ಕಷ್ಟ ಎಂದು ನಮ್ಮ ಹಳ್ಳಿಯ ಮಕ್ಕಳು ತಮ್ಮನ್ನೇ ಕಡಿಮೆ ಮಾಡಿಕೊಳ್ಳುವುದಕ್ಕೆ ಕಾರಣವೇ ಇಲ್ಲ.

ಹಿಸ್ಟೊಪೆಥಾಲಜಿ ವಿಭಾಗದಲ್ಲಿ ನಡೆಯುವ ಕೆಲಸ ಏನೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಸರಿಗಿಂತ ಹೆಚ್ಚಾಗಿ ಆ ಕೆಲಸವೇ ನೇಕಾರರ ಕೇರಿಗೆ ಹತ್ತಿರವಾಗಿದೆ. ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಡುತ್ತಾರೆ. ಆಲ್ಕೊಹಾಲಿನಿಂದ ಅದರ ನೀರನ್ನು ಹೀರಿಸಿ, ಜೈಲೀನ್‌ನಲ್ಲಿ ಅದ್ದಿ, ಕರಗಿದ ಮೇಣವನ್ನು ಒಳಗೆ ಇಳಿಸಿ ಗಟ್ಟಿ ಮಾಡುತ್ತಾರೆ. ಆಮೇಲೆ ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾಗಿ ಕೊಯ್ಯುತ್ತಾರೆ. ಕೊಯ್ಯುವುದು ಎಂಬ ‘ಟೋಮ್’ ಇಲ್ಲಿದೆ. ಹಿಸ್ಟರೆಕ್ಟಮಿಯ ಕೊನೆಯಲ್ಲಿರುವುದೂ ಅದೇ. ಶಸ್ತ್ರಚಿಕಿತ್ಸಕರ ಕತ್ತಿಗೂ ಪ್ರಯೋಗಾಲಯದ ಅಲಗಿಗೂ ಹೆಸರು ಒಂದೇ ಬೇರಿನಿಂದ ಬಂದಿದೆ. ಹಾಗೆ ಕೊಯ್ದ ಪದರಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲ, ಸೂಕ್ಷ್ಮದರ್ಶಕದಡಿ ಇಟ್ಟರೂ ಏನೂ ಬಿಡಿಸಿ ಕಾಣದು. ಅದಕ್ಕೆ ಬಣ್ಣ ಹಾಕಬೇಕು.

ಆ ಬಣ್ಣ ಬಂದದ್ದು ಬಟ್ಟೆಗೆ ಬಣ್ಣ ಹಾಕುವವರ ಹತ್ತಿರದಿಂದ. ಮಧ್ಯ ಅಮೆರಿಕದ ಕಾಡಿನ ಒಂದು ಮರದ ತಿರುಳಿನಿಂದ ಇಳಿಸಿದ ಬಣ್ಣವನ್ನು ಯುರೋಪಿನ ಬಣ್ಣಗಾರರು ಹದಿನಾರನೆಯ ಶತಮಾನದಿಂದಲೂ ಉಣ್ಣೆಗೆ, ರೇಷ್ಮೆಗೆ ಹಾಕುತ್ತಿದ್ದರು. ಹೀಮಟಾಕ್ಸಿಲಿನ್ ಎಂಬುದು ಆ ಬಣ್ಣದ ಹೆಸರು. ‘ಹೈಮ’ ರಕ್ತ, ‘ಜೈಲಾನ್’ ಮರ. ಬರೀ ಆ ಬಣ್ಣ ಬಟ್ಟೆಯಲ್ಲಿ ನಿಲ್ಲದು, ಮೈಯ ತುಣುಕಿನಲ್ಲೂ ನಿಲ್ಲದು. ಬಣ್ಣ ಕಚ್ಚಿಕೊಳ್ಳಲು ಪಟಿಕ ಬೇಕು. ನಮ್ಮ ದೇಶದ ಬಣ್ಣಗಾರರು ಹತ್ತಿಬಟ್ಟೆಗೆ ಕೆಂಪು ಹಿಡಿಸಲು ನೂರಾರು ವರ್ಷ ಬಳಸಿದ ಅದೇ ಪಟಿಕ. 1865ರಲ್ಲಿ ಬ್ಯೋಮರ್ ಎಂಬ ಜರ್ಮನ್ ವಿಜ್ಞಾನಿ ಪಟಿಕ ಬೆರೆಸಿ ನೋಡಿದ ಮೇಲೆಯೇ ಜೀವಕೋಶದ ನಡುವಿನ ಕೋಶಕೇಂದ್ರ ನೀಲಿ-ನೇರಳೆಯಾಗಿ ಎದ್ದು ಕಂಡಿತು. ಉಳಿದ ಭಾಗಕ್ಕೆ ಗುಲಾಬಿ ಬಣ್ಣ ಕೊಡುವ ಇಯೋಸಿನ್ ಕೂಡ 1870ರ ದಶಕದಲ್ಲಿ ಬಟ್ಟೆಗೆಂದು ತಯಾರಾದ ಬಣ್ಣವೇ, ಹೆಸರು ಗ್ರೀಕರ ಉಷೆ ‘ಇಯೋಸ್’ನದು. ಇಂದಿಗೂ ಮೈಸೂರಿನಲ್ಲಾಗಲಿ ಟೋಕಿಯೊದಲ್ಲಾಗಲಿ ಗಡ್ಡೆಯ ಪರೀಕ್ಷೆ ಮೊದಲಾಗುವುದು ಈ ಎರಡು ಬಣ್ಣಗಳಿಂದ. ಒಂಬತ್ತನೆಯ ತರಗತಿಯ ಮಕ್ಕಳು ಗಿಡದಲ್ಲಿ ನೀರು ಏರುವ ಜೈಲಮ್ ಬಗ್ಗೆ ಓದುತ್ತಾರೆ. ಜೈಲಮ್, ಜೈಲೀನ್, ಹೀಮಟಾಕ್ಸಿಲಿನ್ ಮೂರರಲ್ಲೂ ಮರ ಎಂಬ ಒಂದೇ ಮಾತಿದೆ ಎಂದು ಅವರಿಗೆ ಹೇಳಲು ಒಂದು ನಿಮಿಷ ಸಾಕು.

ಹಿಸ್ಟೋಸ್‌ನ ಮಕ್ಕಳಲ್ಲಿ ಜನರ ಬಾಯಲ್ಲಿ ಹೆಚ್ಚು ಇರುವುದು ಹಿಸ್ಟಮೀನ್. ಜೇನುಹುಳು ಕಚ್ಚಿದಾಗ ಮೈ ದದ್ದಾಗಿ ಊದುವುದು, ಧೂಳಿಗೆ ಮೂಗು ಸೋರುವುದು ಬಹುಮಟ್ಟಿಗೆ ಅದರಿಂದ. 1896ರಲ್ಲಿ ವಿಜ್ಞಾನಿ ಕೊಸೆಲ್ ಕಂಡುಹಿಡಿದ ಹಿಸ್ಟಿಡೀನ್ ಎಂಬ ಅಮೈನೊ ಆಮ್ಲದಿಂದ ಅದು ಹುಟ್ಟುತ್ತದೆ. ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೇಡ್ಲಾ 1910ರಲ್ಲಿ ಅದರ ಪರಿಣಾಮಗಳನ್ನು ವಿವರಿಸಿದರು. ಅದು ಮೈಯ ಅಂಗಾಂಶದಲ್ಲಿ, ಅಂದರೆ ಟಿಶ್ಯೂವಿನಲ್ಲಿ, ಸಹಜವಾಗಿಯೇ ಇದೆ ಎಂದು 1927ರಲ್ಲಿ ಖಚಿತವಾದಾಗ ಹೆಸರು ನಿಜಕ್ಕೂ ಒಪ್ಪಿತು. ಅದನ್ನು ತಡೆಯುವ ಮಾತ್ರೆಗಳೇ ಆಂಟಿಹಿಸ್ಟಮೀನ್‌ಗಳು. ಶೀತಕ್ಕೆ ಔಷಧದ ಅಂಗಡಿಯಲ್ಲಿ ಕೇಳಿ ಪಡೆಯುವ ಸೆಟಿರಿಜಿನ್ ಅವುಗಳಲ್ಲಿ ಒಂದು.

ನೂಲಿನ ಮಾತುಗಳು ಇನ್ನೂ ಇವೆ. ಹಾಸಿನ ಎಳೆಗೆ ಗ್ರೀಕ್ ‘ಮಿಟೋಸ್’. 1882ರಲ್ಲಿ ವಿಜ್ಞಾನಿ ಫ್ಲೆಮಿಂಗ್ ಜೀವಕೋಶ ಎರಡಾಗುವುದನ್ನು ನೋಡಿ, ಅದರೊಳಗೆ ಎದ್ದುಬರುವ ದಾರಗಳನ್ನು ಕಂಡು ಆ ಕ್ರಿಯೆಗೆ ಮೈಟಾಸಿಸ್ ಎಂದ. ದಾರ ಮತ್ತು ಕಾಳು ಎರಡನ್ನೂ ಸೇರಿಸಿ 1898ರಲ್ಲಿ ಬೆಂಡಾ ಮೈಟೊಕಾಂಡ್ರಿಯ ಎಂಬ ಹೆಸರಿಟ್ಟ. ಆಗಲೇ ಹೇಳಿದ ‘ನೇಮ’ದಿಂದ ಬಂದ ನೆಮಟೋಡ್ ಎಂದರೆ ದಾರದಂತಹ ಹುಳು. ಫ್ಲೆಮಿಂಗ್ ಕಂಡ ಆ ದಾರಗಳಿಗೆ 1888ರಲ್ಲಿ ವಾಲ್ಡೆಯರ್ ಕೊಟ್ಟ ಹೆಸರು ಕ್ರೋಮೊಸೋಮ್, ಬಣ್ಣದ ಕಾಯ. ಪದಕ್ಕೆ ಪದ ಇಟ್ಟಿದ್ದರೆ ಕನ್ನಡದಲ್ಲಿ ಅದು ವರ್ಣಕಾಯ ಆಗಬೇಕಿತ್ತು. ನಮ್ಮವರು ವರ್ಣತಂತು ಎಂದರು. ಮೂಲಪದದಲ್ಲಿ ಇಲ್ಲದ ದಾರವನ್ನು, ಕಣ್ಣಿಗೆ ಕಾಣುವ ವಸ್ತುವಿನಲ್ಲಿ ಇರುವ ದಾರವನ್ನು, ಕನ್ನಡದಲ್ಲಿ ತಂದರು. ನನ್ನ ತಿಳಿವಳಿಕೆಯಲ್ಲಿ ಇದು ಕನ್ನಡ ವಿಜ್ಞಾನ ಪದಗಳಲ್ಲಿ ಅತ್ಯುತ್ತಮವಾದವುಗಳ ಪೈಕಿ ಒಂದು. ಅದನ್ನು ಮಾಡಿದವರು ಪದವನ್ನು ನೋಡಿ ಸುಮ್ಮನಾಗಲಿಲ್ಲ, ವಸ್ತುವನ್ನೂ ನೋಡಿದರು.

ಮಿದುಳನ್ನು ಸುತ್ತಿದ ಮೂರು ಪೊರೆಗಳಲ್ಲಿ ನಡುವಿನದು ಅರಕ್ನಾಯ್ಡ್. ಗ್ರೀಕರ ಕಥೆಯಲ್ಲಿ ಅರಕ್ನೆ ನೇಯ್ಗೆಯಲ್ಲಿ ಅಥೆನಾ ದೇವತೆಯನ್ನೇ ಪಂಥಕ್ಕೆ ಕರೆದ ಹುಡುಗಿ. ಶಾಪದಿಂದ ಜೇಡರಹುಳು ಆದಳು. ಈ ಪೊರೆಯ ಕೆಳಗಿನ ಎಳೆಗಳು ಜೇಡರ ಬಲೆಯ ಹಾಗೆ ಹಬ್ಬಿರುವುದರಿಂದ ಆ ಹೆಸರು. ಕನ್ನಡಕ್ಕೆ ಈ ಕಥೆಯ ನೆರವೇ ಬೇಡ. ಜೇಡ ಎಂದರೆ ನೇಕಾರ, ಜೇಡ ಎಂದರೆ ಬಲೆ ನೇಯುವ ಹುಳು. ಮುದನೂರಿನ ದಾಸಿಮಯ್ಯ ಜೇಡರ ದಾಸಿಮಯ್ಯನಾದದ್ದು ಮಗ್ಗದ ಕಾಯಕದಿಂದ. ಎರಡು ಜನಾಂಗಗಳು ಒಂದನ್ನೊಂದು ಕೇಳದೆ ಒಂದೇ ಕಾಣ್ಕೆಗೆ ಬಂದಿವೆ. ಅರಕ್ನಾಯ್ಡ್ ಪೊರೆಯನ್ನು ‘ಜೇಡಪೊರೆ’ ಎಂದರೆ ನಮ್ಮ ವೈದ್ಯವಿದ್ಯಾರ್ಥಿಗೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಗ್ರೀಕ್ ಪದಗಳು ನಮಗೆ ತೀರ ಹೊರಗಿನವು ಎಂಬ ಭಾವನೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಈ ಊರಿನ ಖಾದಿ ಕೇಂದ್ರವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೂ ಹೆಸರಿಸುವಾಗ ನಾವು ಆಡುವ ‘ಕೇಂದ್ರ’ ಗ್ರೀಕ್‌ನ ‘ಕೆಂಟ್ರಾನ್’. ಚೂಪಾದ ಮೊನೆ ಎಂದು ಅದರ ಮೊದಲ ಅರ್ಥ, ವೃತ್ತ ಬರೆಯುವಾಗ ಊರಿದ ಮೊನೆ ನಿಲ್ಲುವ ಜಾಗ ಆಮೇಲಿನ ಅರ್ಥ. ಹೋರಾ ಎಂಬ ಪದದೊಡನೆ ಜ್ಯೋತಿಷ ಗ್ರಂಥಗಳ ಮೂಲಕ ಅದು ಸಂಸ್ಕೃತಕ್ಕೆ ಬಂತು. ಆರನೆಯ ಶತಮಾನದ ವರಾಹಮಿಹಿರನಲ್ಲಿ ಇಂಥ ಯವನ ಪದಗಳು ಹಲವಾರಿವೆ. ಸಂಸ್ಕೃತದಿಂದ ‘ಕೇಂದ್ರ’ ಕನ್ನಡಕ್ಕೆ ಬಂದು ಈಗ ಊರೂರಿನ ಫಲಕದ ಮೇಲೆ ಕೂತಿದೆ. ಸಾವಿರ ವರ್ಷ ಬಳಸಿದರೆ ಯಾವ ಪದವೂ ನಮ್ಮದಾಗುತ್ತದೆ.

ಈಗ ಕನ್ನಡದ ಕೆಲಸಕ್ಕೆ ಬರುತ್ತೇನೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಾಗ ಪ್ರತಿ ಲೇಖನಕ್ಕೂ ಹೊಸ ಪದ ಕಟ್ಟಬೇಕಾಗಿತ್ತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಹಳ್ಳಿಗಳಿಗೆ ಹೋದವು, ಪುಟ್ಟ ಪುಸ್ತಕಗಳಾಗಿ ಅಚ್ಚಾದವು. 1946ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. ವೈದ್ಯಕೀಯ ಪದಗಳ ಹುಟ್ಟು ಮತ್ತು ರಚನೆಯನ್ನೇ ವಿಷಯವಾಗಿ ಹಿಡಿದು ಡಾ. ಡಿ.ಎಸ್. ಶಿವಪ್ಪನವರು ಕನ್ನಡದಲ್ಲಿ ಬರೆದರು. ಸಂಸ್ಕೃತದ ಭಾರವನ್ನು ಇಳಿಸಿ ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಕೇಂದ್ರ ಸರ್ಕಾರ 1961ರಲ್ಲಿ ರಚಿಸಿದ ಪರಿಭಾಷಾ ಆಯೋಗ, ಮೂಲವಸ್ತುಗಳ ಹೆಸರು, ಅಳತೆಯ ಮಾನಗಳು, ಜೀವಿಗಳ ದ್ವಿನಾಮಗಳಂತಹ ಅಂತರರಾಷ್ಟ್ರೀಯ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದಿತು. ಇವರಲ್ಲಿ ಯಾರನ್ನೂ ನಾನು ತಳ್ಳಿಹಾಕಲಾರೆ. ನನ್ನ ಆಕ್ಷೇಪ ಎಲ್ಲರೂ ಬಹುಮಟ್ಟಿಗೆ ಒಪ್ಪಿಕೊಂಡ ಒಂದು ಪದ್ಧತಿಯ ಮೇಲೆ: ನಿಘಂಟಿನ ಅಕಾರಾದಿಯಲ್ಲಿ ಪದ ಬಂದ ಹಾಗೆ ಒಂದೊಂದನ್ನೇ ಎತ್ತಿಕೊಂಡು ಅನುವಾದಿಸುವುದು. ಹಾಗೆ ಮಾಡಿದಾಗ ಹಿಸ್ಟಾಲಜಿ ಅಂಗಾಂಶಶಾಸ್ತ್ರವಾಗುತ್ತದೆ, ಹಿಸ್ಟಮೀನ್ ಹಿಸ್ಟಮೀನ್ ಆಗಿಯೇ ಉಳಿಯುತ್ತದೆ, ಅವೆರಡಕ್ಕೂ ಇದ್ದ ನಂಟು ಕಡಿದುಹೋಗುತ್ತದೆ. ಅನುವಾದಿಸಬೇಕಾದ್ದು ಮೊದಲು ಧಾತು, ಆಮೇಲೆ ಪದ. ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಧಾತುಗಳಿಗೆ ಒಂದು ಪ್ರಕರಣವನ್ನು ಮೀಸಲಿಟ್ಟ ಭಾಷೆ ನಮ್ಮದು. ಈ ಪರಿಕಲ್ಪನೆ ನಮ್ಮ ಮಕ್ಕಳಿಗೆ ಹೊಸದಲ್ಲ.

ಟಿಶ್ಯೂ ಎಂಬುದಕ್ಕೆ ಯಾವ ಪದ ಬೇಕು ಎಂಬ ಪ್ರಶ್ನೆಯಲ್ಲಿ ಈ ತತ್ವವನ್ನು ಪರೀಕ್ಷಿಸಿ ನೋಡಬಹುದು. ಆಯುರ್ವೇದದ ಸಪ್ತಧಾತುಗಳಾದ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳು ಟಿಶ್ಯೂ ಎಂಬ ಕಲ್ಪನೆಗೆ ಹತ್ತಿರವಾದವು. ಆದರೆ ಧಾತು ಎಂಬುದು ವ್ಯಾಕರಣಕ್ಕೆ, ಲೋಹಕ್ಕೆ, ಖನಿಜಕ್ಕೆ ಈಗಾಗಲೇ ಹಂಚಿಹೋಗಿದೆ. ಹಿಂದಿಯವರು ನೇಯುವುದು ಎಂಬ ಸಂಸ್ಕೃತ ಧಾತುವಿನಿಂದ ‘ಊತಕ’ ಎಂದು ಕಟ್ಟಿದರು. ಓತಪ್ರೋತ ಎಂಬ ಮಾತಿನಲ್ಲಿರುವುದೂ ಅದೇ ಧಾತು. ಮೂಲದ ಕಲ್ಪನೆಗೆ ಇಷ್ಟು ನಿಷ್ಠವಾದ ಪದ ಇನ್ನೊಂದಿಲ್ಲ. ಅಷ್ಟಾದರೂ ಅದು ಕನ್ನಡಕ್ಕೆ ಒಗ್ಗದು. ನಮ್ಮ ಕಿವಿಗೆ ಊತ ಎಂದರೆ ಬಾವು. ಕಾಲು ಊದಿಕೊಂಡ ರೋಗಿಗೆ ಊತಕ ಪರೀಕ್ಷೆ ಎಂದರೆ ಅವರು ತಿಳಿಯುವುದೇ ಬೇರೆ. ವೈದ್ಯಕೀಯ ಪದ ತಪ್ಪು ತಿಳಿವಳಿಕೆಗೆ ಎಡೆಕೊಟ್ಟರೆ ಅದರ ಪಾಂಡಿತ್ಯ ಎಷ್ಟಿದ್ದರೂ ಅದನ್ನು ಬಿಡಬೇಕು. ಅಂಗಾಂಶ, ಅಂದರೆ ಅಂಗದ ಅಂಶ, ನೇಯ್ಗೆಯ ಕಲ್ಪನೆಯನ್ನು ಪೂರ್ತಿ ಕೈಬಿಟ್ಟಿದೆ. ಇದು ನಷ್ಟವೇ. ಹಾಗಿದ್ದೂ ಬಿಷಾನ ಮೂಲ ವಿಚಾರವನ್ನು ಅದು ಸರಿಯಾಗಿ ಹಿಡಿದಿದೆ. ಶಾಲೆಯ ಪುಸ್ತಕದಲ್ಲಿ, ಪತ್ರಿಕೆಯಲ್ಲಿ ನೆಲೆಯೂರಿದೆ. ಅಲ್ಲದೆ ನೇಯ್ಗೆಯ ಹೋಲಿಕೆ ಎಲ್ಲೆಡೆ ಹೊಂದದು: ಚರ್ಮದ ಮೇಲ್ಪದರದಂತಹ ಅಂಗಾಂಶಗಳಲ್ಲಿ ಕೋಶಗಳು ಒಂದರ ಪಕ್ಕ ಒಂದು ಒತ್ತಾಗಿ ಕೂಡಿರುತ್ತವೆ, ಅಲ್ಲಿ ಎಳೆಯೂ ಇಲ್ಲ, ನೇಯ್ಗೆಯೂ ಇಲ್ಲ. ಅದರ ಕೆಳಗಿನ ಪದರದಲ್ಲಿ ಕೊಲಾಜನ್ ಎಳೆಗಳು ನಿಜಕ್ಕೂ ಒಂದರೊಳಗೊಂದು ಹೆಣೆದಿರುತ್ತವೆ. ಗ್ರೀಕ್ ಹೆಸರು ಕೆಲವು ಕಡೆ ಮಾತ್ರ ಅಕ್ಷರಶಃ ನಿಜ.

ಆದ್ದರಿಂದ ಅಂಗಾಂಶ ಇರಲಿ. ಅದನ್ನು ಪಾಠ ಮಾಡುವ ಮೊದಲ ದಿನ ಹಾಸು, ಹೊಕ್ಕು, ಎಳೆ, ನೇಯ್ಗೆ ಎಂಬ ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಹಿಸ್ಟೋಸ್, ಮಿಟೋಸ್, ನೇಮಗಳನ್ನು ಅವುಗಳ ಎದುರಿಗೆ ಇಡಲಿ. ಚರಕ ತಿರುಗಿಸಿದ ಅಜ್ಜಿ ಇರುವ ಮನೆಯ ಮಗುವಿಗೆ ಆ ಪಾಠದಲ್ಲಿ ಉಳಿದವರಿಗಿಂತ ಹೆಚ್ಚು ಗೊತ್ತಿರುತ್ತದೆ. ಹಿಸ್ಟಮೀನ್, ಹಿಸ್ಟಿಡೀನ್‌ಗಳಂತಹ ರಾಸಾಯನಿಕಗಳ ಹೆಸರು ಜಗತ್ತಿನಲ್ಲೆಲ್ಲ ಒಂದೇ ಆಗಿರುವುದು ಒಳ್ಳೆಯದು, ಔಷಧದ ಚೀಟಿಯಲ್ಲಿ ಹೆಸರು ಬದಲಾದರೆ ಅಪಾಯ. ಅರಕ್ನಾಯ್ಡ್‌ನಂತಹ ಕಡೆ ಕನ್ನಡದ್ದೇ ಪದ ಹೆಚ್ಚು ಬೆಳಕು ಕೊಡುತ್ತದಾದರೆ ಅದನ್ನು ಧೈರ್ಯವಾಗಿ ಬಳಸಲಿ. ಇನ್ನು ರೋಗಿಯ ಕೈಗೆ ಬರುವ ಕಾಗದದ ವಿಷಯ. ಅದರಲ್ಲಿ ಇಂಗ್ಲಿಷ್ ಶೀರ್ಷಿಕೆಯ ಕೆಳಗೆ ಎರಡು ಕನ್ನಡ ಸಾಲು ಅಚ್ಚು ಮಾಡುವುದಕ್ಕೆ ಹೊಸ ಸಮಿತಿಯಾಗಲಿ ಹೊಸ ನಿಘಂಟಾಗಲಿ ಬೇಕಿಲ್ಲ. ಹಿಸ್ಟರೆಕ್ಟಮಿ ಎಂಬಲ್ಲಿ ‘ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ’ ಎಂದೂ, ಹಿಸ್ಟೊಪೆಥಾಲಜಿ ಎಂಬಲ್ಲಿ ‘ತೆಗೆದ ಭಾಗದ ಅಂಗಾಂಶದಲ್ಲಿ ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ’ ಎಂದೂ ಇದ್ದರೆ ಸಾಕು. ಮನೆಯವರು ಆ ಎರಡನೆಯ ಕಾಗದವನ್ನು ಜೋಪಾನವಾಗಿಟ್ಟು, ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗುತ್ತಾರೆ.